ನಮ್ಮಿಬ್ಬರ ಏಕಾಂತಕ್ಕೊಂದು ಟೆಂಪೋ ಟ್ರಾವೆಲರ್

ಹೋದ ತಿಂಗಳು ನಾನೂ ನನ್ನ ಗಂಡನೂ ಏಕಾಂತ ಹುಡುಕಿಕೊಂಡು ಪ್ರವಾಸ ಹೋಗಿದ್ದೆವು. ನಾವಿಬ್ಬರೇ.

ನಾವಿಬ್ಬರು, ನಮ್ಮತ್ತೆ, ನಮ್ಮಾವ, ಮಾವನ ಅಕ್ಕ, ನಾದಿನಿ, ಅವಳ ಗಂಡ, ಅವರ ಮಕ್ಕಳು, ಊರಿನ ಪಕ್ಕದ ಮನೆಯವರು (ಗಾಡಿಯಲ್ಲಿ ಹೇಗೂ ಜಾಗ ಇದೆಯಲ್ಲ ಅಂತ), ಆ ಪಕ್ಕದ ಮನೆಗೆ ಬಂದಿದ್ದ ನೆಂಟರು ಮತ್ತು ದೊಡ್ಡ ಡಬರಿಯ ತುಂಬ ಪುಳಿಯೋಗರೆ. ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್‌ಗೆ ಹದಿನೇಳು ಜನ.

ಇದು ಡಾಕ್ಟರು ಹೇಳಿದ ಔಷಧಿ. ನಂಬಿ.

ಈ ಅಂಕಣ ಓದುವವರಿಗೆ ನನಗೆ ಮಕ್ಕಳಿಲ್ಲವೆಂಬುದು ಗೊತ್ತು. ಗೊತ್ತಿಲ್ಲದವರಿಗೆ ಗೊತ್ತಿರುವವರು ಹೇಳಿರುತ್ತಾರೆ. ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಗಂಡ ಮಂಜು ಅದೇ ಊರಿನಲ್ಲಿ ಫರ್ನಿಚರ್ ಅಂಗಡಿ ಇಟ್ಟಿದ್ದಾರೆ. ಅತ್ತೆ ಮಾವ ಇರುವುದು ನಾಗಮಂಗಲ ತಾಲ್ಲೂಕಿನಲ್ಲಿ, ದೇವಲಾಪುರದ ಹತ್ತಿರದ ಹಳ್ಳಿ. ಮಾವ ಮರಗೆಲಸದವರು. ಸುತ್ತಲ ಊರುಗಳ ಅರ್ಧಕ್ಕರ್ಧ ಮನೆ ಬಾಗಿಲು ಅವರ ಕೈಯವು. ಮಾತು ಮಾತ್ರ ಬಾಗಿಲು ಹಾಕಿದ ಹಾಗೆ, ದಿನಕ್ಕೆ ನಾಲ್ಕೋ ಐದೋ.

ಮದುವೆಯಾಗಿ ಏಳು ವರ್ಷ. ಮೊದಲೆರಡು ವರ್ಷ ನನ್ನಲ್ಲಿ ನಾಗದೋಷವಿತ್ತು. ಆಮೇಲೆ ಮನೆಯ ವಾಸ್ತುವಿನಲ್ಲಿತ್ತು. ಒಂದಷ್ಟು ಕಾಲ ಬಾಯ್ಲರ್ ಕೋಳಿಯಲ್ಲಿತ್ತು. ಈಗ ಒಂದೆರಡು ವರ್ಷದಿಂದ ಎಲ್ಲವೂ ಟೆನ್ಷನ್‌ನಲ್ಲಿದೆ.

"ಅವ್ಳಿಗೆ ಸ್ಕೂಲ್ ಟೆನ್ಷನ್ನು ಕಣವ್ವ. ಅದ್ಕೇ ನಿಂತಿಲ್ಲ." ಇದು ನಮ್ಮತ್ತೆ ಬಂದವರಿಗೆಲ್ಲ ಕೊಡುವ ವಿವರಣೆ. ಕೊಡುವಾಗ ದನಿ ತಗ್ಗಿಸುತ್ತಾರೆ. ಅಡುಗೆಮನೆಯಲ್ಲಿರುವ ನನಗೆ ಸರಿಯಾಗಿ ಕೇಳುವಷ್ಟು ಮಾತ್ರ ತಗ್ಗಿಸುತ್ತಾರೆ.

ಸ್ಕೂಲ್ ಟೆನ್ಷನ್! ಈ ಏಳು ವರ್ಷದಲ್ಲಿ ನನ್ನ ಹೊಟ್ಟೆಯ ಸಮಾಚಾರ ಕೇಳದ ಒಂದೇ ಒಂದು ಜಾಗ ಇದ್ದರೆ ಅದು ಹತ್ತನೇ ಕ್ಲಾಸಿನ ಬಿ ಸೆಕ್ಷನ್. ಪಾಪ, ಅವರಿಗೆ ತ್ರಿಕೋನಮಿತಿಯೇ ಸಾಕಾಗಿ ಹೋಗಿದೆ.

ಸರಿ, ಮೈಸೂರಿನ ಡಾಕ್ಟರ ಹತ್ತಿರ ಮತ್ತೊಮ್ಮೆ ಹೋದೆವು. ಈ ಸಲ ಅತ್ತೆಯೂ ಬಂದರು. ಅಂಥ ಕ್ಲಿನಿಕ್ಕುಗಳನ್ನು ನೀವು ನೋಡಿದ್ದೀರೋ ಇಲ್ಲವೋ, ಗೋಡೆ ತುಂಬ ನೀಲಿ ಕಣ್ಣಿನ, ಹಾಲುಬಿಳುಪಿನ ಮಕ್ಕಳ ಫೋಟೋ. (ನಾಗಮಂಗಲ ತಾಲ್ಲೂಕಿನಲ್ಲಿ ಆ ಬಣ್ಣದ ಮಗು ಹುಟ್ಟಿದರೆ ಬೇರೆಯದೇ ಟೆನ್ಷನ್ ಶುರುವಾಗುತ್ತದೆ.) ಕಾಯುತ್ತಾ ಕೂತ ಹೆಂಗಸರೆಲ್ಲ ಆ ಫೋಟೋ ನೋಡುತ್ತಿದ್ದರು. ಗಂಡಸರೆಲ್ಲ ನೆಲ ನೋಡುತ್ತಿದ್ದರು.

ಡಾಕ್ಟರು ವಯಸ್ಸಾದ ಹೆಂಗಸು. ನನ್ನ ಟೆಸ್ಟುಗಳನ್ನು ನೋಡಿ, "ನಿಮ್ಮದೆಲ್ಲ ಸರಿಯಾಗಿದೆಯಲ್ಲಮ್ಮ" ಎಂದರು. ಮಂಜು ಕಡೆ ತಿರುಗಿ, "ಇವರ ಟೆಸ್ಟು? ಹೋದ ಸಲವೂ ಹೇಳಿದ್ದೆ" ಎಂದರು. ಮಂಜುಗೆ ಅದೇ ಕ್ಷಣಕ್ಕೆ ಫೋನ್ ಬಂತು. ರಿಂಗ್ ಆಗದ ಫೋನು.

ಅತ್ತೆ ನಡುವೆ ಬಾಯಿ ಹಾಕಿದರು. "ಡಾಕ್ಟ್ರವ್ವಾ, ಇವ್ಳು ದಿನಾ ಸ್ಕೂಲಿಗೆ ಓಯ್ತಾಳೆ. ಆ ಟೆನ್ಷನ್ನಿಗೇ ಇಂಗಾಯ್ತಾ ಇರೋದಲ್ವಾ?"

ಡಾಕ್ಟರು ತಾಳ್ಮೆಯಿಂದಲೇ ಹೇಳಿದರು. "ನೋಡೀಮ್ಮಾ, ವಿಪರೀತ ಒತ್ತಡ ಇದ್ದರೆ ಮುಟ್ಟು ಹೆಚ್ಚುಕಮ್ಮಿ ಆಗಬಹುದು. ಗಂಡ ಹೆಂಡತಿಗೆ ಒಬ್ಬರ ಮೇಲೊಬ್ಬರಿಗೆ ಆಸಕ್ತಿ ಕಡಿಮೆ ಆಗಬಹುದು. ಆದರೆ ಕೆಲಸಕ್ಕೆ ಹೋಗೋ ಟೆನ್ಷನ್‌ನಿಂದಲೇ ಮಕ್ಕಳಾಗಲಿಲ್ಲ ಅಂತ ಯಾರೂ ಹೇಳೋಕಾಗಲ್ಲ. ಮಕ್ಕಳಾಗಲಿಲ್ಲ ಅಂತ ಮನೆಯವರು ಕೊಡೋ ಟೆನ್ಷನ್ ಇದೆಯಲ್ಲ, ನಾನು ದಿನಾ ನೋಡೋದು ಅದನ್ನ. ಮೊದಲು ನಿಮ್ಮ ಮಗನ ಟೆಸ್ಟ್ ಆಗಲಿ."

ನಾವು ಎದ್ದು ನಿಂತಾಗ, ನನ್ನ ಮುಖ ನೋಡಿ ಅಯ್ಯೋ ಅನ್ನಿಸಿತೋ ಏನೋ, ಒಂದು ಮಾತು ಸೇರಿಸಿದರು. "ತಲೆ ಕೆಡಿಸ್ಕೋಬೇಡಿ. ಇಬ್ಬರೇ ಎರಡು ದಿನ ಎಲ್ಲಾದರೂ ಹೋಗಿಬನ್ನಿ."

ನಮ್ಮತ್ತೆಗೆ ಅಷ್ಟು ಹೊತ್ತಿನ ಮಾತಿನಲ್ಲಿ ಕೇಳಿಸಿದ್ದು ಕೊನೆಯದೊಂದೇ. ಅದರಲ್ಲೂ 'ಇಬ್ಬರೇ' ಅನ್ನುವುದು ಕೇಳಿಸಲಿಲ್ಲ.

ಮಂಜು ಊಟಿ ಅಂದರು. "ಊಟೀಲಿ ಚಳಿ ಕಣ್ಲಾ. ಅವ್ಳ ಮೈಗೆ ಸೀತ ಆಗ್ಬುಡ್ತದೆ" ಎಂದು ಅತ್ತೆ ಊಟಿಯನ್ನು ಅಲ್ಲೇ ರದ್ದು ಮಾಡಿದರು. ವಾರ ಕಳೆಯುವಷ್ಟರಲ್ಲಿ ಕಾರ್ಯಕ್ರಮ ಸಿದ್ಧವಾಗಿತ್ತು. ಬೆಳಿಗ್ಗೆ ಆದಿಚುಂಚನಗಿರಿ. ಅಲ್ಲಿಂದ ಕೆ.ಆರ್. ಪೇಟೆ ಕಡೆ ಗೋವಿಂದನಹಳ್ಳಿ. ಸಂಜೆಗೆ ಶ್ರೀರಂಗಪಟ್ಟಣದ ಸಂಗಮದಲ್ಲಿ ಸ್ನಾನ. ದೇವರಿಗೆ ದೇವರೂ ಆಯಿತು, ಡಾಕ್ಟರಿಗೆ ಡಾಕ್ಟರೂ ಆಯಿತು.

ಅತ್ತೆಯ ಊರಿನಲ್ಲಿ ಗಾಡಿ ಹತ್ತುವಾಗ ನನ್ನನ್ನು ಹಿಂದಿನ ಸೀಟಿನಲ್ಲಿ ಅತ್ತೆಗೂ ದೊಡ್ಡತ್ತೆಗೂ ನಡುವೆ ಕೂರಿಸಿದರು. (ದೊಡ್ಡತ್ತೆ ಅಂದರೆ ಮಾವನ ಅಕ್ಕ. ಮನೆಯ ಹೈಕೋರ್ಟು.) ಮಂಜುವನ್ನು ಡ್ರೈವರ್ ಪಕ್ಕ ಕೂರಿಸಿದರು, ದಾರಿ ಹೇಳುವುದಕ್ಕೆ. ಆ ದಿನ ನಾನು ನನ್ನ ಗಂಡನ ಹಿಂದಲೆಯನ್ನು ನೋಡಿದಷ್ಟು ಏಳು ವರ್ಷದಲ್ಲಿ ನೋಡಿರಲಿಲ್ಲ. ನೆತ್ತಿಯ ಹತ್ತಿರ ಕೂದಲು ತೆಳ್ಳಗಾಗಿದೆ. ಏಕಾಂತ ಪ್ರವಾಸದಿಂದ ಇಂಥ ಲಾಭಗಳುಂಟು.

ಆದಿಚುಂಚನಗಿರಿಯ ಮೆಟ್ಟಿಲು ಹತ್ತುವಾಗ ದೊಡ್ಡತ್ತೆ ನನ್ನ ಮೊಣಕೈ ಹಿಡಿದುಕೊಂಡೇ ಬಂದರು. "ಮೆಲ್ಲುಗೆ ಹತ್ತು ಕಣಮ್ಮಿ. ಟೆನ್ಷನ್ ಮಾಡ್ಕಬ್ಯಾಡ." ನಾಲ್ಕು ಮೆಟ್ಟಿಲಿಗೊಮ್ಮೆ ಅದೇ. "ಮನ್ಸು ಅಗುರಾಗಿ ಮಡಿಕಾ. ಏನೂ ಯೋಚ್ನೆ ಮಾಡ್ಬ್ಯಾಡ." ನಿಮಗೆ ಯಾರಾದರೂ ದಿನವಿಡೀ ಏನೂ ಯೋಚನೆ ಮಾಡಬೇಡ ಅಂತ ಹೇಳಿದ್ದಾರಾ? ಬೇಕಾದರೆ ಒಮ್ಮೆ ಹೇಳಿಸಿಕೊಂಡು ನೋಡಿ. ನಾನಂತೂ ಆ ಮೆಟ್ಟಿಲುಗಳ ಮೇಲೆ ಯೋಚಿಸಿದಷ್ಟನ್ನು ಬಿ.ಎಡ್. ಪರೀಕ್ಷೆಯಲ್ಲೂ ಯೋಚಿಸಿರಲಿಲ್ಲ.

ದೇವರ ಮುಂದೆ ಎಲ್ಲರೂ ನನಗಾಗಿ ಕೈ ಮುಗಿದರು. ಸುಮ್ಮನೆ ಅಲ್ಲ, ಗಟ್ಟಿಯಾಗಿ. ಪಕ್ಕದ ಸಾಲಿನಲ್ಲಿದ್ದ ಯಾರೋ ಅಪರಿಚಿತ ಹೆಂಗಸು ತಿರುಗಿ ನೋಡಿ, "ಎಷ್ಟು ವರ್ಸ ಆಯ್ತವ್ವ?" ಎಂದು ಕೇಳಿದರು. ನಾದಿನಿ ಉತ್ತರ ಹೇಳಿದಳು. ಆ ಹೆಂಗಸು ತಮ್ಮ ತಂಗಿಯ ಸೊಸೆಗೆ ಯಾವ ಊರಿನ ಬೇರಿನಿಂದ ಗುಣವಾಯಿತೆಂದು ವಿವರಿಸಿದರು. ನಾನು ಮಂಜುಗಾಗಿ ಹುಡುಕಿದೆ. ಅವರು ದೂರದಲ್ಲಿ ನಿಂತು ನವಿಲು ನೋಡುತ್ತಿದ್ದರು. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಗೋವಿಂದನಹಳ್ಳಿಗೆ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು. ಒಳ್ಳೆಯ ಗುಡಿ ಅದು. ಒಂದೇ ಸಾಲಿನಲ್ಲಿ ಐದು ಗರ್ಭಗುಡಿ, ಐದು ಲಿಂಗ, ತಣ್ಣಗಿನ ಕಲ್ಲು, ಜನವೇ ಇಲ್ಲ. "ಒಂದು ಕೇಳ್ದಿದ್ರೆ ಇನ್ನೊಂದ್ ಕೇಳ್ತದೆ" ಅಂದುಕೊಂಡು ದೊಡ್ಡತ್ತೆ ಐದಕ್ಕೂ ಅರ್ಜಿ ಹಾಕಲು ಒಳಗೆ ಹೋದರು. ನಾನು ಜಗಲಿಯ ಮೇಲೆ ಕೂತೆ. ಅತ್ತೆ ಬಂದು ಪಕ್ಕ ಕೂತರು. ಮಂಡಿ ನೋವು.

ಮಂಡಿ ನೀವಿಕೊಳ್ಳುತ್ತಾ, "ನಂಗೂ ಬಾಳ ವರ್ಸ ಆಗಿರ್ಲಿಲ್ಲ ಕಣವ್ವ" ಎಂದರು.

ನನಗೆ ಗೊತ್ತಿರಲಿಲ್ಲ. ಮಂಜು ದೊಡ್ಡ ಮಗ, ಆಮೇಲೆ ನಾದಿನಿ. ಅಷ್ಟೇ ನನಗೆ ಗೊತ್ತಿದ್ದ ಚರಿತ್ರೆ.

"ನಮ್ಮತ್ತೆ ನನ್ನ ಅರಳೀಮರ ಸುತ್ಸುದ್ಲು. ಒದ್ದೆ ಸೀರೇಲಿ. ಇದೇ ನಿನ್ ದೊಡ್ಡತ್ತೆ ಮುಂದೆ ನಿಂತ್ಕಂಡು ಸುತ್ತು ಎಣಿಸೋಳು. ಬಾಣಂತಿ ಮನೆಗೆ ನನ್ನ ಕರೀತಿರ್ಲಿಲ್ಲ. ತೊಟ್ಲು ಶಾಸ್ತ್ರಕ್ಕೂ ಕರೀತಿರ್ಲಿಲ್ಲ. ಓದ್ರೂ ಇಂದೆ ನಿಂತ್ಕಬೇಕು."

"ನಿಮಗೂ ಟೆನ್ಷನ್ ಅಂತ ಹೇಳ್ತಿದ್ರಾ ಅತ್ತೆ?" ಎಂದು ಕೇಳಿದೆ. ವ್ಯಂಗ್ಯವಾಗಿಯೇ ಕೇಳಿದೆ. ಅವರಿಗೆ ಅದು ತಾಗಲಿಲ್ಲ.

"ಆಗ ಇನ್ನೂ ಟೆನ್ಷನ್ ಬಂದಿರ್ಲಿಲ್ಲ ಕಣವ್ವ. ಶಾಪ ಅನ್ನೋರು."

ಅಷ್ಟು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಬೆವರೋ ಬೇರೆಯದೋ ಗೊತ್ತಾಗಲಿಲ್ಲ. ನನ್ನ ಬಾಯಲ್ಲಿ ಸಿದ್ಧವಾಗಿದ್ದ ಎರಡನೇ ವ್ಯಂಗ್ಯ ಅಲ್ಲೇ ಉಳಿಯಿತು. ಬದಲಿಗೆ ಕೇಳಿದೆ. "ಮಾವನ್ನ ಯಾರಾದ್ರೂ ಏನಾದ್ರೂ ಕೇಳಿದ್ರಾ?"

ಅತ್ತೆ ನಕ್ಕೇಬಿಟ್ಟರು. "ಗಂಡಸ್ರನ್ನ ಯಾರಾರೂ ಕೇಳ್ತಾರಾ? ಓದಿರೋಳಾಗಿ ಎಂತ ಮಾತಾಡ್ತೀಯವ್ವ!"

ಇಷ್ಟೆಲ್ಲ ಅನುಭವಿಸಿದ ಹೆಂಗಸು ನನ್ನ ಮೇಲೆ ಅದನ್ನೇ ಹೊಸ ಹೆಸರಿನಲ್ಲಿ ಯಾಕೆ ಪ್ರಯೋಗಿಸುತ್ತಿದ್ದಾರೆ? ಕೇಳಬೇಕೆನ್ನಿಸಿತು. ಆದರೆ ಅವರ ಲೆಕ್ಕ ನನಗೆ ಅಲ್ಲೇ ಅರ್ಥವಾಯಿತು. ನನ್ನನ್ನು ಅವರು ಒದ್ದೆ ಸೀರೆಯಲ್ಲಿ ಮರ ಸುತ್ತಿಸುತ್ತಿಲ್ಲ. ಗಾಡಿ ಮಾಡಿಸಿ, ಪುಳಿಯೋಗರೆ ಕಲಸಿ, ಸೀಟಿನಲ್ಲಿ ಕೂರಿಸಿಕೊಂಡು ಸುತ್ತಿಸುತ್ತಿದ್ದಾರೆ. ಅವರ ಪ್ರಕಾರ ಇದು ಪ್ರಗತಿ. ಅಲ್ಲ ಅಂತ ಹೇಗೆ ಹೇಳಲಿ?

ಅಲ್ಲಿಂದ ಗಾಡಿ ಶ್ರೀರಂಗಪಟ್ಟಣದ ಕಡೆ ತಿರುಗಿತು. ದಾರಿಯಲ್ಲಿ ಯಾವ ಊರು ಸಿಗುತ್ತದೆ ಹೇಳಿ? ಪಾಂಡವಪುರ. ನಮ್ಮ ಹನಿಮೂನ್ ನಮ್ಮ ಮನೆಯ ಮುಂದೆಯೇ ಹಾದುಹೋಗುವುದಿತ್ತು.

ನನ್ನ ಸ್ಕೂಲು ಕಂಡಾಗ ದೊಡ್ಡತ್ತೆ ಕಿಟಕಿಯಿಂದ ಕೈ ಚಾಚಿ, ಗಾಡಿಗೆಲ್ಲ ಕೇಳುವ ಹಾಗೆ, "ಅಗಾ, ಅದೇ ಇವ್ಳ ಟೆನ್ಷನ್ನು!" ಎಂದು ತೋರಿಸಿದರು. ನೆಂಟರು ಎದ್ದು ನಿಂತು ನೋಡಿದರು. ಭಾನುವಾರ. ಖಾಲಿ ಮೈದಾನದಲ್ಲಿ ಎರಡು ಆಡು ಮೇಯುತ್ತಿದ್ದವು.

ಆಮೇಲೆ ಯಾರಿಗೋ ಹೊಳೆಯಿತು. "ಮನೆ ಇಲ್ಲೇ ಅದಲ್ಲಾ, ಒಂದು ಕಾಪಿ ಕುಡ್ಕಂಡೇ ಓಗನ."

ಹೀಗೆ, ನನ್ನ ವಿಶ್ರಾಂತಿ ಪ್ರವಾಸದ ಮಧ್ಯಾಹ್ನ ನಾನು ನನ್ನದೇ ಅಡುಗೆಮನೆಯಲ್ಲಿ ನಿಂತು ಹದಿನೇಳು ಜನಕ್ಕೆ ಕಾಫಿ ಬೆರೆಸುತ್ತಿದ್ದೆ. ಊಟಿಯಲ್ಲಾದರೆ ಈ ಸೌಲಭ್ಯ ಎಲ್ಲಿ ಸಿಗುತ್ತಿತ್ತು?

ಹಾಲು ಉಕ್ಕುವುದನ್ನು ಕಾಯುತ್ತಿರುವಾಗ ಹಾಲಿನಲ್ಲಿ, ಅಂದರೆ ನಡುಮನೆಯಲ್ಲಿ, ಸಭೆ ಸೇರಿತು. ದೊಡ್ಡತ್ತೆಯ ದನಿ ಮೊದಲು ಕೇಳಿತು. "ಲೇ ಮಂಜಾ, ಇವತ್ತೇ ಒಂದು ತೀರ್ಮಾನ ಆಗೋಗ್ಲಿ. ಅವ್ಳ ಕೆಲ್ಸ ಬುಡ್ಸು. ಬರೋ ತಿಂಗ್ಳಿಂದ ಸ್ಕೂಲು ಬ್ಯಾಡ. ಊರಿಗೆ ಬಂದು ನಮ್ ಕಣ್ಮುಂದೆ ಇರ್ಲಿ. ಟೆನ್ಷನ್ ಇಳಿದ್ರೆ ತಾನಾಗೇ ನಿಲ್ತದೆ."

"ಅದೇ ಸರಿ ಕಣ್ಲಾ ಮಗ" ಎಂದರು ಅತ್ತೆ.

ನಾದಿನಿಯ ಗಂಡ ತಲೆಯಾಡಿಸಿದರು. ಪಕ್ಕದ ಮನೆಯವರು ತಲೆಯಾಡಿಸಿದರು. ಪಕ್ಕದ ಮನೆಯ ನೆಂಟರೂ ತಲೆಯಾಡಿಸಿದರು. ನನ್ನ ಹೊಟ್ಟೆಯ ವಿಚಾರದಲ್ಲಿ ಅವರಿಗೂ ಒಂದು ವೋಟಿದೆ ಎಂದು ನನಗೆ ಅಂದೇ ಗೊತ್ತಾದದ್ದು.

ಒಲೆ ಆರಿಸಿ ಬಾಗಿಲಲ್ಲಿ ಬಂದು ನಿಂತೆ. ಎಷ್ಟು ಕಷ್ಟಪಟ್ಟು ಸಿಕ್ಕ ಕೆಲಸ ಅದು. ಬೀದಿಯಲ್ಲಿ ಸಿಕ್ಕಾಗ ಗುಡ್ ಮಾರ್ನಿಂಗ್ ಮಿಸ್ ಅನ್ನುವ ಮಕ್ಕಳು. ತಿಂಗಳ ಕೊನೆಗೆ ನನ್ನದೇ ಸಂಬಳ. ಇದನ್ನೆಲ್ಲ ಕಾಫಿ ಬರುವಷ್ಟರಲ್ಲಿ ಇತ್ಯರ್ಥ ಮಾಡಿ ಮುಗಿಸುತ್ತಿದ್ದರು. ನಾನು ಮಂಜುವಿನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು, ಕ್ಲಿನಿಕ್ಕಿನಲ್ಲಿ ಕೂತ ಹಾಗೆಯೇ. ಮುಗಿಯಿತು ಅಂದುಕೊಂಡೆ.

"ನಂದು ಟೆಸ್ಟೇ ಆಗಿಲ್ಲ" ಎಂದರು ಮಂಜು.

ದನಿ ಎಷ್ಟು ಸಣ್ಣಗಿತ್ತೆಂದರೆ ಅತ್ತೆ "ಏನ್ಲಾ?" ಎಂದು ಮತ್ತೆ ಕೇಳಿದರು.

"ನಂದು ಟೆಸ್ಟ್ ಆಗಿಲ್ಲ ಅಂದೆ. ಅವ್ಳದೆಲ್ಲ ಸರಿಯಾಗದೆ ಅಂತ ಡಾಕ್ಟ್ರು ನಿನ್ ಮುಂದೇನೇ ಏಳಿದ್ರಲ್ಲವ್ವ. ನಂದು ಮಾಡ್ಸಿ ಅಂತ ಎಷ್ಟ್ ಸಲ ಅಂದವ್ರೆ. ನಾನೇ ತಪ್ಪಿಸ್ಕಂಡು ತಿರುಗ್ತಾ ಇವ್ನಿ. ಅವ್ಳ್ಯಾಕೆ ಕೆಲ್ಸ ಬುಡ್ಬೇಕು?"

ಮೊದಲು ಚೇತರಿಸಿಕೊಂಡಿದ್ದು ಹೈಕೋರ್ಟು. "ಗಂಡಸಿಗೆ ಏನ್ಲಾ ಟೆಸ್ಟು? ಮೀಸೆ ಬಂದದಲ್ಲಾ ಮುಖದ್ ಮ್ಯಾಲೆ?"

(ನೋಡಿ, ಇಷ್ಟು ಅಗ್ಗದ ಲ್ಯಾಬ್ ಊರಲ್ಲೇ ಇರುವಾಗ ನಾವು ಮೈಸೂರಿಗೆ ಹೋಗಿದ್ದೆವು.)

ಆಗ ಮೂಲೆಯ ಕುರ್ಚಿಯಿಂದ ಮಾವ ಎದ್ದರು. ಬೆಳಗಿನಿಂದ ಅವರು ಬಾಯಿ ತೆರೆದದ್ದು ಪುಳಿಯೋಗರೆಗೆ ಮಾತ್ರ. "ಸುಮ್ಕಿರಕ್ಕ" ಎಂದರು ದೊಡ್ಡತ್ತೆಗೆ. ನಂತರ ಅತ್ತೆಯ ಕಡೆ ನೋಡದೆ, ಅತ್ತೆಗೇ ಎನ್ನುವ ಹಾಗೆ ಹೇಳಿದರು. "ನಿನ್ನ ಮರ ಸುತ್ಸೋವಾಗ ನಾನು ಬಾಯ್ ಬುಡ್ಲಿಲ್ಲ. ಇವ್ನಾದ್ರೂ ಬುಟ್ನಲ್ಲ." ಹೆಗಲ ಮೇಲಿನ ಟವೆಲ್ ಕೊಡವಿದರು. "ನಡೀರಿ, ಎಲ್ರೂ ಗಾಡಿ ಹತ್ರಿ. ಇವ್ರಿಬ್ರೂ ಇಲ್ಲೇ ಇರ್ಲಿ. ಡಾಕ್ಟ್ರು ಏಳಿದ್ದು ಇಬ್ರೇ ಅಂತ."

ಅತ್ತೆ ಎದ್ದರು. ಚಪ್ಪಲಿ ಮೆಟ್ಟುವಾಗ ಮಾವನ ಮುಖವನ್ನೇ ನೋಡುತ್ತಿದ್ದರು, ಹೊಸಬರನ್ನು ನೋಡುವ ಹಾಗೆ.

ಕಾಫಿಯನ್ನು ನಿಂತಲ್ಲೇ ಕುಡಿದು ಎಲ್ಲರೂ ಹೊರಟರು. ನಮ್ಮ ಏಕಾಂತ ಪ್ರವಾಸ ನಮ್ಮಿಬ್ಬರನ್ನು ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋಯಿತು. ಸಂಗಮದಲ್ಲಿ ಎಲ್ಲರೂ ಚೆನ್ನಾಗಿ ಮುಳುಗೆದ್ದರಂತೆ. ಟೆನ್ಷನ್ ಎಲ್ಲ ಹೋಯಿತಂತೆ.

ನಾವಿಬ್ಬರೂ ಲೋಟ ತೊಳೆದೆವು. ನಾನು ಉಜ್ಜಿದೆ, ಮಂಜು ನೀರು ಹಾಕಿದರು.

"ಭಯ ಆಯ್ತದೆ ಶೈಲಾ" ಎಂದರು, ಲೋಟ ನೋಡುತ್ತಲೇ. "ನಂದೇ ತೊಂದ್ರೆ ಅಂತ ಬಂದ್ರೆ, ಊರಲ್ಲಿ ಎಂಗೆ ತಲೆ ಎತ್ಕಂಡು ಓಡಾಡ್ಲಿ?"

"ನಾನು ಏಳು ವರ್ಷದಿಂದ ಓಡಾಡ್ತಿದೀನಲ್ಲ. ಹಾಗೇ" ಎಂದೆ.

ಮಂಜು ನಲ್ಲಿ ನಿಲ್ಲಿಸಿದರು. ನಾನು ಸಮಾಧಾನ ಹೇಳಲಿಲ್ಲ. ಟೆನ್ಷನ್ ತಗೋಬೇಡಿ ಅಂತಲೂ ಹೇಳಲಿಲ್ಲ. ಆ ಮಾತು ಎಷ್ಟು ಪ್ರಯೋಜನಕ್ಕೆ ಬರುತ್ತದೆಂದು ನನಗೆ ಗೊತ್ತಿತ್ತು.

ಮುಂದಿನ ವಾರ ಮೈಸೂರಿಗೆ ಹೋದೆವು. ಬೈಕಿನಲ್ಲಿ, ನಿಜವಾಗಿಯೂ ಇಬ್ಬರೇ. ಟೆಸ್ಟ್ ಆಯಿತು. ರಿಸಲ್ಟ್ ನೋಡಿ ಡಾಕ್ಟರು, "ವೀರ್ಯದ ಕೌಂಟ್ ಸ್ವಲ್ಪ ಕಡಿಮೆ ಇದೆ. ಇದಕ್ಕೆ ಚಿಕಿತ್ಸೆ ಇದೆ. ಗ್ಯಾರಂಟಿ ಕೊಡೋಲ್ಲ, ಪ್ರಯತ್ನ ಮಾಡೋಣ" ಎಂದರು. ನೆಗಡಿಯ ಬಗ್ಗೆ ಹೇಳುವ ದನಿಯಲ್ಲೇ ಹೇಳಿದರು. ಈ ನಾಲ್ಕು ಮಾತಿಗಾಗಿ ನಾನು ಎಷ್ಟು ಗುಡಿ, ಎಷ್ಟು ಕಷಾಯ ದಾಟಿ ಬಂದಿದ್ದೆ ಎಂದು ಯೋಚಿಸುತ್ತಿರುವಾಗ ಮಂಜು ಮೆಲ್ಲಗೆ ಕೇಳಿದರು.

"ಟೆನ್ಷನ್‌ನಿಂದ ಇಂಗಾಗಿರ್ಬೋದಾ ಡಾಕ್ಟ್ರೇ?"

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ನೀಲಿ ಕಣ್ಣಿನ ಮಗುವನ್ನು ನೋಡಿದೆ. ನಗಬಾರದಿತ್ತು, ನಕ್ಕುಬಿಟ್ಟೆ. ಮಂಜುಗೂ ತಡವಾಗಿ ನಗು ಬಂತು. ಆ ಕೋಣೆಯಲ್ಲಿ ಜನ ನಗುವುದು ಕಡಿಮೆ ಇರಬೇಕು, ನರ್ಸ್ ಬಾಗಿಲು ತೆರೆದು ಇಣುಕಿದಳು.

ವಾಪಸ್ ಬರುವಾಗ ಶ್ರೀರಂಗಪಟ್ಟಣದಲ್ಲಿ ಹೊಳೆಯ ಹತ್ತಿರ ಮಂಜು ಬೈಕ್ ನಿಲ್ಲಿಸಿದರು. ಮೆಟ್ಟಿಲ ಮೇಲೆ ಕೂತೆವು. ನೀರು ಕಡಿಮೆಯಿತ್ತು, ಬಂಡೆಗಳೇ ಹೆಚ್ಚು ಕಾಣುತ್ತಿದ್ದವು. "ಅವ್ವಂಗೆ ನಾನೇ ಏಳ್ತೀನಿ" ಎಂದು ಮಂಜು ಫೋನ್ ತೆಗೆದರು. ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು.

"ಅವ್ವಾ, ತೊಂದ್ರೆ ನಂದು ಕಣವ್ವ."

ಆ ಕಡೆ ಕೊಟ್ಟಿಗೆಯಲ್ಲಿ ಹಸು ಕೂಗುವುದು ಕೇಳಿಸುತ್ತಿತ್ತು. ಆಮೇಲೆ ಅತ್ತೆ, "ಅವ್ಳ ಕೈಗೆ ಕೊಡ್ಲಾ ಫೋನ" ಎಂದರು.

"ತಪ್ಪು ತಿಳ್ಕಬ್ಯಾಡ ಕಣವ್ವ ಶೈಲಾ" ಎಂದರು ನನಗೆ. ದನಿ ಒಡೆದಿತ್ತು. "ಏಳ್ ವರ್ಸ ನಿನ್ನೇ ಅಂದ್ಬುಟ್ಟೆ. ನಂಗಾದದ್ದೆಲ್ಲ ಗೊತ್ತಿದ್ದೂ ನಿನ್ನೇ ಅಂದ್ಬುಟ್ಟೆ."

ಈ ಅಂಕಣದಲ್ಲಿ ನಾನು ಅತ್ತೆಯ ಬಗ್ಗೆ ಬರೆದ ತಮಾಷೆಗಳು ಒಂದೆರಡಲ್ಲ. ಆ ಹೊತ್ತಿಗೆ ಒಂದೂ ನೆನಪಿಗೆ ಬರಲಿಲ್ಲ. ನಾನೂ ಅತ್ತುಬಿಟ್ಟೆ. ಹೊಳೆ ದಂಡೆಯಲ್ಲಿ ಕೂತು ಸೊಸೆ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅತ್ತೆ, ಇಬ್ಬರೂ ಮೂಗು ಒರೆಸಿಕೊಂಡೆವು. ಮಂಜು ಏನು ಮಾಡಬೇಕೋ ತಿಳಿಯದೆ ಕರ್ಚೀಫು ಹಿಡಿದು ನಿಂತಿದ್ದರು.

ಅತ್ತೆ ಮೊದಲು ಸುಧಾರಿಸಿಕೊಂಡರು. "ಪಾಪ, ಅವ್ನಿಗೂ ಅಂಗ್ಡಿ ಟೆನ್ಷನ್ನು ಕಣವ್ವ. ಮರದ ರೇಟು ಏರೋಗದೆ, ಕೆಲ್ಸದೋರು ಏಳ್ದೆ ಕೇಳ್ದೆ ಕೈ ಕೊಡ್ತವ್ರೆ. ಒತ್ಗೆ ಸರಿಯಾಗಿ ಊಟ ಇಲ್ಲ. ಅವನ್ನ ಈಗ ಚೆಂದಾಗಿ ನೋಡ್ಕಬೇಕು."

"ನೋಡ್ಕೋತೀನಿ ಅತ್ತೆ."

"ಅದಕ್ಕೇ ಏಳೋದು, ನೀನೊಂದ್ ಕೆಲ್ಸ ಮಾಡವ್ವ. ಆ ಸ್ಕೂಲು ಬುಟ್ಬುಡು."

ನಾನು ಬಿಟ್ಟಿಲ್ಲ. ಮಂಜು ಮಾತ್ರೆ ನುಂಗುತ್ತಿದ್ದಾರೆ, ನನ್ನ ಬಿ ಸೆಕ್ಷನ್ ತ್ರಿಕೋನಮಿತಿ ಮುಗಿಸಿದೆ, ಮಗು ಬರುತ್ತದೋ ಇಲ್ಲವೋ ನಮಗಿಬ್ಬರಿಗೂ ಗೊತ್ತಿಲ್ಲ. ಆದರೆ ಒಂದು ಮಾತು ಕೇಳಬೇಕು ಅನ್ನಿಸುತ್ತದೆ.

ತೊಂದರೆ ಯಾರದಾದರೇನು, ರಾಜೀನಾಮೆ ಮಾತ್ರ ಸೊಸೆಯದೇ ಆಗಬೇಕು, ಅಲ್ಲವೇ?